ನಾಡಿ ನೋಡದೆ ಕೊಟ್ಟ ಮಾತ್ರೆ

"ನಾಳೆ ಶಾಲೆಯಲ್ಲಿ ಮಕ್ಕಳಿಗೆ ಟ್ಯಾಬ್ಲೆಟ್ ಕೊಡುತ್ತಾರೆ, ಮನೆಯಿಂದ ಯಾರಾದರೂ ಒಬ್ಬರು ಬರಬೇಕು" ಎಂದು ಮಕ್ಕಳ ಕೈಯಲ್ಲಿ ಹೇಳಿ ಕಳಿಸಿದ್ದೆವು. ಮರುದಿನ ಒಂಬತ್ತೂವರೆಗೆಲ್ಲ ಬಂದು ಶಾಲೆಯ ಜಗಲಿಯ ಮೇಲೆ ಕೂತಿದ್ದ ತಾಯಿಯೊಬ್ಬರು ನನ್ನನ್ನು ಕಂಡವರೇ ಎದ್ದು ನಿಂತು, "ಮೇಡಂ, ಖಾಲಿ ಹೊಟ್ಟೆಗೆ ಕೊಡೂದಾ, ಊಟ ಆದ ಮೇಲಾ? ಹೋದ ಸಲ ಜಂತುಹುಳದ ಮಾತ್ರೆ ತಗಂಡು ನಮ್ಮ ಹುಡುಗಿಗೆ ವಾಂತಿ ಆಗಿತ್ತು" ಎಂದು ಕೇಳಿದರು. ಇದು ನುಂಗುವ ಟ್ಯಾಬ್ಲೆಟ್ ಅಲ್ಲ, ಫೋನಿನ ಹಾಗೆ ಬೆರಳಲ್ಲಿ ಒತ್ತುವ ಯಂತ್ರ ಎಂದು ನಾನು ವಿವರಿಸಿದೆ. ಅವರು ನಾಚಿಕೊಂಡು ಸೆರಗು ಬಾಯಿಗೆ ಹಿಡಿದು ನಕ್ಕರು.

ಅವತ್ತು ಶಿಕ್ಷಕರ ಕೊಠಡಿಯಲ್ಲಿ ಈ ಮಾತನ್ನು ಹೇಳಿಕೊಂಡು ನಾವೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು. ಈಗ ನಗು ಬರುವುದಿಲ್ಲ. ಅವತ್ತು ಶಾಲೆಯ ಅಂಗಳದಲ್ಲಿ ನೆರೆದಿದ್ದವರಲ್ಲಿ ಕೇಳಬೇಕಾದ ಪ್ರಶ್ನೆ ಕೇಳಿದವರು ಅವರೊಬ್ಬರೇ ಎಂದು ಈಗ ಅನ್ನಿಸುತ್ತದೆ. ಯಾವ ಕಾಯಿಲೆಗೆ ಈ ಮಾತ್ರೆ? ನಾಡಿ ನೋಡಿದವರು ಯಾರು? ದಿನಕ್ಕೆ ಎಷ್ಟು, ಎಷ್ಟು ದಿನ? ಊಟಕ್ಕೆ ಮೊದಲೋ, ಊಟದ ಜೊತೆಗೋ, ಅಥವಾ ಊಟದ ಬದಲಿಗೋ?

ನಮ್ಮದು ಸಾಗರದ ಕಡೆಯ ಒಂದು ಹಳ್ಳಿಯ ಸರಕಾರಿ ಪ್ರೌಢಶಾಲೆ. ನಾನು ಕನ್ನಡ ಹೇಳಿಕೊಡುವವಳು. ಅದು 2022ರ ಮಳೆಗಾಲ. ಕೊರೋನಾ ಕಾಲದ ಬೀಗ ತೆಗೆದು ಶಾಲೆಗಳು ಮತ್ತೆ ಸರಿಯಾಗಿ ನಡೆಯತೊಡಗಿದ ವರ್ಷ. ದಾನಿಗಳು 24 ಟ್ಯಾಬ್ಲೆಟ್‌ಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದಿದ್ದರು. ಶಾಮಿಯಾನ, ಅಡಿಕೆ ಸಿಂಗಾರದ ತೋರಣ, ಪ್ರಾರ್ಥನೆ, ಸ್ವಾಗತ, ದೀಪ ಹಚ್ಚುವುದು ಎಲ್ಲ ಆಯಿತು. ಅತಿಥಿಗಳಾಗಿ ಬಂದವರು ಒಳ್ಳೆಯವರೇ, ಮಾತೂ ಚೆನ್ನಾಗಿತ್ತು. ಕೊನೆಯಲ್ಲಿ ಒಂದು ವಾಕ್ಯ ಹೇಳಿದರು: "ಇನ್ನು ಮುಂದೆ ಮೇಷ್ಟ್ರು ಇಲ್ಲದಿದ್ದರೂ ಪಾಠ ನಿಲ್ಲುವುದಿಲ್ಲ." ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯಲ್ಲಿ ನನ್ನದೂ ಸೇರಿತ್ತು. ಆಗ ನಮ್ಮ ಶಾಲೆಯಲ್ಲಿ ಗಣಿತದ ಹುದ್ದೆ ಖಾಲಿ ಬಿದ್ದು ಎರಡು ವರ್ಷವಾಗಿತ್ತು. ಮೇಷ್ಟ್ರು ಯಾಕೆ ಇಲ್ಲ ಎಂದು ವೇದಿಕೆಯ ಮೇಲಿದ್ದವರೂ ಕೇಳಲಿಲ್ಲ, ಕೆಳಗೆ ಕೂತಿದ್ದ ನಾವೂ ಕೇಳಲಿಲ್ಲ. ನನ್ನ ಜಗಳ ಇರುವುದು ಆ ಒಂದು ವಾಕ್ಯದೊಂದಿಗೆ. ಟ್ಯಾಬ್ಲೆಟ್‌ನೊಂದಿಗೆ ಅಲ್ಲ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಓದುಗರು, ಈ ವಯಸ್ಸಾದ ಟೀಚರಿಗೆ ಹೊಸದು ಕಂಡರಾಗದು ಎಂದುಕೊಂಡಾರು. ಸಂಗತಿ ಅದಲ್ಲ. ನನಗೆ ಅದು ಬಹಳ ಇಷ್ಟವಾಗಿತ್ತು. ಎಂಟನೆಯ ತರಗತಿಯಲ್ಲಿ 61 ಮಕ್ಕಳು. ಇಬ್ಬರು ಮೂವರಿಗೆ ಒಂದರಂತೆ ಹಂಚಿದರೆ ಸಾಕು, ಸಂತೆಯಂತಿದ್ದ ತರಗತಿ ಗಪ್ಪನೆ ಸುಮ್ಮನಾಗುತ್ತಿತ್ತು. ಕನ್ನಡದ ಅಭ್ಯಾಸಗಳೂ ಅದರಲ್ಲಿದ್ದವು. ಒಂದು ಚಿತ್ರ ಬರುತ್ತದೆ, ಒಂದು ದನಿ ವಾಕ್ಯವನ್ನು ಓದಿ ಹೇಳುತ್ತದೆ, ಕೆಳಗೆ ನಾಲ್ಕು ಉತ್ತರ. ಸರಿಯಾದದ್ದನ್ನು ಒತ್ತಿದರೆ ಗಂಟೆ ಬಾರಿಸಿ ನಕ್ಷತ್ರ ಕೊಡುತ್ತದೆ. ಮೂವತ್ತು ವರ್ಷದ ಹತ್ತಿರ ಗಂಟಲು ಹರಿದುಕೊಂಡವಳಿಗೆ ಆ ಮೌನ ಎಷ್ಟು ಹಿತವಾಗಿತ್ತೆಂದರೆ, ನಾನು ಕುರ್ಚಿಯಲ್ಲಿ ಕೂತು ಕಿರುಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುವುದನ್ನು ರೂಢಿ ಮಾಡಿಕೊಂಡೆ. ವಾರದ ಕೊನೆಗೆ ಯಾರಿಗೆ ಎಷ್ಟು ನಕ್ಷತ್ರ ಎಂದು ಅದೇ ಪಟ್ಟಿ ಕೊಡುತ್ತಿತ್ತು. ಅದನ್ನು ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ.

ಆ ಪಟ್ಟಿಯಲ್ಲಿ ಯಾವಾಗಲೂ ಮೇಲಿನ ಹತ್ತರೊಳಗೆ ಇರುತ್ತಿದ್ದ ಒಬ್ಬಳು ಹುಡುಗಿ. ತೋಟದ ಕೂಲಿಗೆ ಹೋಗುವವರ ಮಗಳು, ಮಾತು ಕಡಿಮೆ, ಕಣ್ಣು ಚುರುಕು. ಅವಳ ಹೆಸರಿನ ಮುಂದೆ ನಾಲ್ಕು ತಿಂಗಳು "ಉತ್ತಮ" ಎಂದು ಬರೆದೆ. ನವೆಂಬರಿನ ಒಂದು ದಿನ ಬೆಳಿಗ್ಗೆಯಿಂದ ಕರೆಂಟು ಇರಲಿಲ್ಲ, ಹಿಂದಿನ ದಿನವೂ ಇರಲಿಲ್ಲ. ಟ್ಯಾಬ್ಲೆಟ್‌ಗಳು ಕಪ್ಪಾಗಿ ಕೂತಿದ್ದವು. ಸರಿ, ಪಠ್ಯಪುಸ್ತಕ ತೆಗೆಯಿರಿ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸತೊಡಗಿದೆ. ಅವಳ ಸರದಿ ಬಂತು. ಎದ್ದು ನಿಂತಳು. ಮೊದಲ ಪದವನ್ನು ಓದಿದಳು. ಎರಡನೆಯದಕ್ಕೆ ಇನ್ನೇನೋ ಹೇಳಿದಳು. ಮೂರನೆಯದಕ್ಕೆ ಸುಮ್ಮನಾದಳು. ಪುಸ್ತಕದ ಮೇಲಿದ್ದ ಬೆರಳು ನಡುಗುತ್ತಿತ್ತು. ಕೂತುಕೋ ಎಂದೆ.

ಮಧ್ಯಾಹ್ನ ಊಟವಾದ ಮೇಲೆ ಹತ್ತಿರ ಕರೆದು ಕೂರಿಸಿಕೊಂಡು ನೋಡಿದರೆ, ಕಾಗುಣಿತ ಅರ್ಧ ಬರುತ್ತದೆ, ಒತ್ತಕ್ಷರ ಬಂದರೆ ದಾರಿ ತಪ್ಪುತ್ತದೆ. "ಹಾಗಾದರೆ ಅದರಲ್ಲಿ ಅಷ್ಟೆಲ್ಲ ಹೇಗೆ ಸರಿ ಮಾಡ್ತಿದ್ದಿ?" ಎಂದು ಕೇಳಿದೆ. "ಅದೇ ಓದಿ ಹೇಳ್ತದಲ್ಲ ಮೇಡಂ. ಚಿತ್ರನೂ ಇರ್ತದೆ. ತಪ್ಪು ಅಂದ್ರೆ ಇನ್ನೊಂದು ಒತ್ತೂದು. ನಾಕರಲ್ಲಿ ಒಂದು ಸರಿ ಇದ್ದೇ ಇರ್ತದೆ" ಎಂದಳು. ಹೇಳುವಾಗ ಅವಳ ಮುಖದಲ್ಲಿ ಕಳ್ಳತನವೇನೂ ಇರಲಿಲ್ಲ. ಕೊಟ್ಟ ಕೆಲಸವನ್ನು ಜಾಣತನದಿಂದ ಮುಗಿಸಿದ್ದಳು, ಅಷ್ಟೆ. ಐದನೆಯ ತರಗತಿ ಮುಗಿಯುವ ಹೊತ್ತಿಗೆ, 2020ರ ಮಾರ್ಚಿಯಲ್ಲಿ, ಶಾಲೆ ಮುಚ್ಚಿತ್ತು. ಮನೆಯಲ್ಲಿದ್ದ ಒಂದೇ ಫೋನು ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತಿತ್ತು. ಮತ್ತೆ ಅವಳು ಬೆಂಚಿನ ಮೇಲೆ ಕೂತು ಪಾಠ ಕೇಳಿದ್ದು ಏಳನೆಯದರಲ್ಲಿ. ಇದು ಯಂತ್ರಕ್ಕೆ ಗೊತ್ತಿರಲಿಲ್ಲ, ಅದಕ್ಕೆ ಗೊತ್ತಾಗಬೇಕೆಂದೂ ಇಲ್ಲ. ನನಗೆ ಗೊತ್ತಾಗಬೇಕಿತ್ತು. ಮೊದಲಾಗಿದ್ದರೆ ಜೂನ್ ತಿಂಗಳಲ್ಲೇ ಪ್ರತಿಯೊಬ್ಬರನ್ನೂ ಎಬ್ಬಿಸಿ ಓದಿಸಿ, ಯಾರು ಎಲ್ಲಿದ್ದಾರೆ ಎಂದು ನೋಡಿರುತ್ತಿದ್ದೆ. ಆ ವರ್ಷ ನಕ್ಷತ್ರದ ಪಟ್ಟಿ ಇದೆಯಲ್ಲ ಎಂದು ಬಿಟ್ಟುಬಿಟ್ಟೆ. ನಾಡಿ ನೋಡುವ ನನ್ನ ಕೆಲಸವನ್ನು ಮಾತ್ರೆಗೇ ವಹಿಸಿಕೊಟ್ಟಿದ್ದೆ.

ಆಮೇಲೆ ಮಾಡಿದ್ದರಲ್ಲಿ ದೊಡ್ಡದೇನೂ ಇಲ್ಲ. ಮೂರನೆಯ ತರಗತಿಯ ಹಳೆಯ ಕನ್ನಡ ಪುಸ್ತಕವೊಂದನ್ನು ಪಕ್ಕದ ಪ್ರಾಥಮಿಕ ಶಾಲೆಯಿಂದ ಇಸಿದುಕೊಂಡು ಬಂದೆ. ಊಟದ ಬಿಡುವಿನಲ್ಲಿ ದಿನಕ್ಕೆ ಅರ್ಧ ಗಂಟೆ. ಅವಳೊಬ್ಬಳೇ ಇರಬಹುದು ಎಂದುಕೊಂಡಿದ್ದೆ. ಹುಡುಕಿದರೆ ಅಂಥವರು ಇನ್ನೂ ಎಂಟು ಜನ ಸಿಕ್ಕಿದರು. ಓದುವುದು, ಕೈಯಲ್ಲಿ ಬರೆಯುವುದು, ಬರೆದದ್ದನ್ನೇ ಮತ್ತೆ ಓದುವುದು. "ಅಕ್ಕ" ಎಂದು ಬರೆಯಬೇಕಾದಲ್ಲಿ "ಅಕ" ಎಂದು ಬರೆದರೆ, ಯಾಕೆ ಹೀಗೆ ಬರೆದೆ, ಬಾಯಲ್ಲಿ ಹೇಳಿ ನೋಡು, ಎಲ್ಲಿ ಒತ್ತು ಬಿತ್ತು ಎಂದು ಕೇಳುವುದು. ಮಾರ್ಚಿಯ ಹೊತ್ತಿಗೆ ಆ ಹುಡುಗಿ ನಿಧಾನವಾಗಿ, ತಡವರಿಸುತ್ತ, ಪತ್ರಿಕೆಯ ಒಂದು ಸುದ್ದಿಯನ್ನು ಪೂರ್ತಿ ಓದಿದಳು. ಅದಕ್ಕೆ ಯಾವ ಗಂಟೆಯೂ ಬಾರಿಸಲಿಲ್ಲ.

ಇದರಿಂದ ನಾನು ಕಂಡುಕೊಂಡದ್ದು ಇಷ್ಟು. ಆ ಯಂತ್ರ ಉತ್ತರ ಸರಿಯೋ ತಪ್ಪೋ ಎಂದು ಹೇಳುತ್ತದೆ. ಯಾಕೆ ತಪ್ಪಿತು ಎಂದು ಕೇಳುವುದಿಲ್ಲ. ಯಾಕೆ ಸರಿಯಾಯಿತು ಎಂದಂತೂ ಕೇಳುವುದೇ ಇಲ್ಲ. ಕಲಿಕೆಯ ಜೀವ ಇರುವುದು ಈ "ಯಾಕೆ" ಎಂಬಲ್ಲಿ. ಲೆಕ್ಕದ ಮೇಷ್ಟ್ರು ಹುಡುಗನ ಹಾಳೆಯನ್ನು ಒಮ್ಮೆ ನೋಡಿ, ಇವನಿಗೆ ಭಾಗಾಕಾರ ಬರುತ್ತದೆ, ದಶಕ ತೆಗೆದುಕೊಳ್ಳುವುದರಲ್ಲಿ ಎಡವುತ್ತಾನೆ ಎಂದು ಹೇಳಬಲ್ಲರು. ಹಾಳೆಯ ಮೇಲೆ ಹೊಡೆದುಹಾಕಿದ ಗೆರೆಗಳಲ್ಲಿ ಅವನು ಹೋದ ದಾರಿ ಕಾಣುತ್ತದೆ. ನಾಲ್ಕರಲ್ಲಿ ಒಂದನ್ನು ಒತ್ತಿದವನ ದಾರಿ ಎಲ್ಲೂ ಉಳಿಯುವುದಿಲ್ಲ.

ಇನ್ನು ಕಪಾಟಿನ ಕಥೆ. ಹೊರಗಿನವರಿಗೆ ಇದು ತಿಳಿಯದು, ಒಳಗಿನ ನಾವು ಹೇಳುವುದಿಲ್ಲ. ಶಾಲೆಗೆ ಯಾವುದೇ ವಸ್ತು ಬಂದರೂ ಅದು ಮೊದಲು ಸೇರುವುದು ದಾಸ್ತಾನು ಪುಸ್ತಕಕ್ಕೆ. ಇಷ್ಟು ಬಂತು, ಇಷ್ಟು ಇದೆ ಎಂದು ಮುಖ್ಯೋಪಾಧ್ಯಾಯರು ಸಹಿ ಹಾಕಬೇಕು. ಪರಿಶೋಧನೆಗೆ ಬಂದವರು ಎಣಿಸುತ್ತಾರೆ. ಒಂದು ಕಡಿಮೆಯಾದರೆ, ಒಂದು ಒಡೆದರೆ, ಉತ್ತರ ಕೊಡಬೇಕಾದವರು ಸಹಿ ಹಾಕಿದವರು. ಹೀಗಿರುವಾಗ ಬುದ್ಧಿವಂತ ಮನುಷ್ಯ ಏನು ಮಾಡುತ್ತಾನೆ? ಬೀಗ ಹಾಕುತ್ತಾನೆ. ನನ್ನ ಸೇವೆಯ ಅವಧಿಯಲ್ಲಿ ಹೀಗೆ ಬೀಗದೊಳಗೆ ಹೋದದ್ದು ಟ್ಯಾಬ್ಲೆಟ್ ಒಂದೇ ಅಲ್ಲ. ಹಿಂದಿನ ಶಾಲೆಯೊಂದರಲ್ಲಿ ಟೇಪ್ ರೆಕಾರ್ಡರು, ಆಮೇಲೆ ಟೀವಿ, ಆಮೇಲೆ ಗಣಕಯಂತ್ರಗಳ ಕೋಣೆ. ಗಣಕ ಕಲಿಸಲು ಗುತ್ತಿಗೆಯ ಮೇಲೆ ಬಂದಿದ್ದ ಹುಡುಗ ನಿಜಕ್ಕೂ ಚೆನ್ನಾಗಿ ಕಲಿಸುತ್ತಿದ್ದ. ಗುತ್ತಿಗೆ ಮುಗಿಯಿತು, ಹುಡುಗ ಹೋದ, ಕೋಣೆಗೆ ಬೀಗ ಬಿತ್ತು. ಯಂತ್ರಗಳು ಕೆಟ್ಟದ್ದು ಆಮೇಲೆ. ಮೊದಲು ಹೋದದ್ದು ಮನುಷ್ಯ.

ನಮ್ಮ ಮುಖ್ಯೋಪಾಧ್ಯಾಯರು ಧೈರ್ಯಸ್ಥರು, ಬೀಗ ಹಾಕಲಿಲ್ಲ. ಆದರೂ ಏನಾಯಿತು ನೋಡಿ. ಇಡೀ ಶಾಲೆಯಲ್ಲಿ ಚಾರ್ಜಿಗೆ ಇರುವುದು ಆರು ಪ್ಲಗ್ಗು. ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ಕಂಬ ವಾಲಿದರೆ ಎರಡು ಮೂರು ದಿನ ಕರೆಂಟಿಲ್ಲ. ಇರುವ ದಿನ ಬೆಳಿಗ್ಗೆ ಸರದಿಯ ಮೇಲೆ ಚಾರ್ಜಿಗೆ ಹಾಕುವುದೇ ಒಂದು ಪೀರಿಯಡ್ಡಿನ ಕೆಲಸ. ನಾನೇ ಎಷ್ಟೋ ಸಲ ನಾಲ್ಕೈದನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ದು, ಅಡುಗೆಮನೆಯ ಮಿಕ್ಸಿಯ ಪ್ಲಗ್ಗಿಗೆ ಹಾಕಿದ್ದುಂಟು. ಎರಡನೆಯ ವರ್ಷ ಕೆಲವದರ ಬ್ಯಾಟರಿ ಉಬ್ಬಿ ಪರದೆ ಮೇಲೆದ್ದು ಬಂತು. ಕೊಟ್ಟವರಿಗೆ ಬರೆದರೆ, ದುರಸ್ತಿಗೆ ಹಣ ಇಟ್ಟಿಲ್ಲ ಎಂದರು. ಅವರದ್ದು ಸುಳ್ಳಲ್ಲ. ಸಮಾರಂಭಕ್ಕೆ ಹಣ ಇರುತ್ತದೆ, ದುರಸ್ತಿಗೆ ಸಮಾರಂಭ ಇರುವುದಿಲ್ಲ. ಈಗ 24ರಲ್ಲಿ ಒಂಬತ್ತು ನಡೆಯುತ್ತವೆ. ದಾಸ್ತಾನು ಪುಸ್ತಕದಲ್ಲಿ ಮಾತ್ರ 24 ಇವೆ.

ಇದು ನಮ್ಮೊಬ್ಬರ ಕಥೆಯಾಗಿದ್ದರೆ ನಮ್ಮ ಹಣೆಬರಹ ಎನ್ನಬಹುದಿತ್ತು. 2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಆಗಿನ ಕೇಂದ್ರ ಸಚಿವ ಕಪಿಲ್ ಸಿಬಲ್ ಅವರು "ಆಕಾಶ್" ಎಂಬ ಅಗ್ಗದ ಟ್ಯಾಬ್ಲೆಟ್ಟನ್ನು ಬಿಡುಗಡೆ ಮಾಡಿದ್ದು ಹಲವರಿಗೆ ನೆನಪಿರಬಹುದು. ಜಗತ್ತೇ ನೋಡುವಂತೆ ಸುದ್ದಿಯಾಯಿತು. ಒತ್ತಿದರೆ ತಡವಾಗಿ ಓಗೊಡುವ ಪರದೆ, ಬೇಗ ಬರಿದಾಗುವ ಬ್ಯಾಟರಿ ಎಂದು ದೂರುಗಳು ಬಂದವು. ಮರುವರ್ಷ ಸುಧಾರಿಸಿದ ಎರಡನೆಯ ಆಕಾಶ್ ಬಂತು. ಕೆಲವೇ ವರ್ಷಗಳಲ್ಲಿ ಯೋಜನೆ ಸದ್ದಿಲ್ಲದೆ ಮುಗಿಯಿತು. ಬಡ ದೇಶದ ಪಾಡು ಇದು ಎನ್ನೋಣವೇ? 2013ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಸರಕಾರಿ ಶಾಲೆಗಳು ಪ್ರತಿ ಮಗುವಿಗೂ ಐಪ್ಯಾಡ್ ಕೊಡಲು ಹೊರಟವು. ಇಡೀ ಯೋಜನೆಗೆ 100 ಕೋಟಿ ಡಾಲರ್‌ಗೂ ಮೇಲಿನ ಅಂದಾಜು. ಅದರೊಳಗೆ ಇರಬೇಕಾದ ಪಾಠಗಳೇ ಇನ್ನೂ ಪೂರ್ತಿಯಾಗಿರಲಿಲ್ಲ. ಪ್ರೌಢಶಾಲೆಯ ಹುಡುಗರು ಕೆಲವೇ ವಾರಗಳಲ್ಲಿ ಅದರ ಕಟ್ಟುಪಾಡುಗಳನ್ನು ಬಿಡಿಸಿಕೊಂಡು ತಮಗೆ ಬೇಕಾದ್ದನ್ನು ನೋಡತೊಡಗಿದರು. 2014ರಲ್ಲಿ ಆ ಗುತ್ತಿಗೆಯನ್ನೇ ನಿಲ್ಲಿಸಬೇಕಾಯಿತು. ಪೆರು ದೇಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್‌ಗಳನ್ನು ಹಂಚಿದರು. ಅವನ್ನು ಬೋಧನೆಯೊಂದಿಗೆ ಕೂಡಿಸದೆ ಕೊಟ್ಟದ್ದರಿಂದ ಕಲಿಕೆ ಸುಧಾರಿಸಲಿಲ್ಲ ಎಂದು 2023ರ ಯುನೆಸ್ಕೋ ವರದಿ ಹೇಳುತ್ತದೆ. ಮಕ್ಕಳ ಕೈಗೆ ಪರದೆ ಕೊಡುವುದರಲ್ಲಿ ಮುಂದಿದ್ದ ಸ್ವೀಡನ್, ಅದೇ ವರ್ಷ ಅಚ್ಚಿನ ಪಠ್ಯಪುಸ್ತಕ ಕೊಳ್ಳಲು ಶಾಲೆಗಳಿಗೆ 68.5 ಕೋಟಿ ಕ್ರೋನಾ ಇಟ್ಟಿತು. ಅವರು ಬಿಟ್ಟು ಹಿಂದಿರುಗುತ್ತಿರುವ ದಾರಿಯಲ್ಲಿ ನಾವು ಬಾಜಾಬಜಂತ್ರಿಯೊಂದಿಗೆ ಹೊರಟಿದ್ದೇವೆ.

ಆದರೆ ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಸಂಗತಿಯಿದೆ. ಅದನ್ನು ಮುಚ್ಚಿಟ್ಟರೆ ನಾನು ಟೀಚರು ಎನ್ನಿಸಿಕೊಳ್ಳಲು ಯೋಗ್ಯಳಲ್ಲ. 2015ರಲ್ಲಿ ದೆಹಲಿಯಲ್ಲಿ ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಗಣಕಯಂತ್ರದಲ್ಲಿ ಗಣಿತ, ಹಿಂದಿ ಹೇಳಿಕೊಡುವ ಕೇಂದ್ರಗಳನ್ನು ಅರ್ಥಶಾಸ್ತ್ರಜ್ಞರು ಪರೀಕ್ಷೆಗೆ ಒಡ್ಡಿದರು. ನಾಲ್ಕೂವರೆ ತಿಂಗಳಲ್ಲಿ ಮಕ್ಕಳು ಎರಡು ವಿಷಯಗಳಲ್ಲೂ ಚೆನ್ನಾಗಿ ಮುಂದೆ ಬಂದರು. ಹಿಂದೆ ಬಿದ್ದವರಿಗೂ ಲಾಭವಾಯಿತು. ಕಾರಣ, ಆ ವ್ಯವಸ್ಥೆ ಮಗು ಎಷ್ಟನೆಯ ತರಗತಿಯಲ್ಲಿದೆ ಎಂದು ನೋಡದೆ, ಅದಕ್ಕೆ ನಿಜವಾಗಿ ಎಷ್ಟು ಬರುತ್ತದೆ ಎಂದು ನೋಡಿ ಅಲ್ಲಿಂದ ಶುರು ಮಾಡುತ್ತಿತ್ತು. ಅಂದರೆ ಯಂತ್ರವೂ ನಾಡಿ ನೋಡುವಂತೆ ಮಾಡಬಹುದು. ಒಪ್ಪಿದೆ. ಆದರೆ ಅಲ್ಲಿನ ತೊಂಬತ್ತು ನಿಮಿಷದಲ್ಲಿ ಅರ್ಧ ಹೊತ್ತು ಯಂತ್ರ, ಉಳಿದರ್ಧ ಹೊತ್ತು ಹದಿನೈದರೊಳಗಿನ ಸಣ್ಣ ಗುಂಪಿಗೆ ಮನುಷ್ಯರೇ ಹೇಳಿಕೊಡುತ್ತಿದ್ದರು ಎಂಬುದನ್ನೂ ಮರೆಯಬಾರದು. ಅದು ಮೇಷ್ಟ್ರ ಜಾಗದಲ್ಲಿ ಇಟ್ಟ ಯಂತ್ರವಲ್ಲ. ಶಾಲೆ ಮುಗಿದ ಮೇಲೆ, ಶಾಲೆಯ ಪಾಠದ ಜೊತೆಗೆ ಇಟ್ಟದ್ದು.

ನನ್ನನ್ನು ನಿಜವಾಗಿ ಮಾತಿಲ್ಲದಂತೆ ಮಾಡಿದ್ದು ಇಂಥ ಯಾವ ವರದಿಯೂ ಅಲ್ಲ. ಪೋಷಕರ ಸಭೆಯೊಂದರಲ್ಲಿ ನಾನು ಹೀಗೇ ಟ್ಯಾಬ್ಲೆಟ್ಟಿನ ತಾಪತ್ರಯ ಹೇಳುತ್ತಿದ್ದಾಗ, ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು, "ನಿಮ್ಮ ಮಗ ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸದಲ್ಲಿದಾನೆ ಅಲ್ವ ಮೇಡಂ? ನಮ್ಮ ಮಕ್ಕಳು ಮಾತ್ರ ಅದನ್ನ ಮುಟ್ಟಬಾರದಾ?" ಎಂದು ಕೇಳಿದರು. ಸಭೆ ಸ್ತಬ್ಧವಾಯಿತು. ನನಗೆ ಕಿವಿ ಬಿಸಿಯಾಯಿತು. ಅವರು ಹೇಳಿದ್ದು ಸರಿ. ಹೊಟ್ಟೆ ತುಂಬಿದವರು ಉಪವಾಸದ ಮಹಿಮೆ ಹೇಳಬಾರದು. ಕೊರೋನಾ ವರ್ಷದಲ್ಲಿ ಸಿಗ್ನಲ್ ಹುಡುಕಿಕೊಂಡು ಮಕ್ಕಳು ಗುಡ್ಡ ಹತ್ತಿ ಕೂತದ್ದನ್ನು ನಾನು ನೋಡಿದ್ದೇನೆ. ವಿದ್ಯಾಗಮದ ಕಾಲದಲ್ಲಿ ನಾವು ದೇವಸ್ಥಾನದ ಜಗಲಿ, ಮರದ ನೆರಳು ಹುಡುಕಿಕೊಂಡು ಮಕ್ಕಳಿದ್ದಲ್ಲಿಗೆ ಹೋದೆವು. ಆದರೂ ತಲುಪದ ಮನೆಗಳು ಉಳಿದವು. ಆಗ ಆ ಹುಡುಗಿಯ ಕೈಯಲ್ಲಿ ಒಂದು ಟ್ಯಾಬ್ಲೆಟ್ ಇದ್ದಿದ್ದರೆ ಏನೂ ಇಲ್ಲದ್ದಕ್ಕಿಂತ ನೂರು ಪಾಲು ವಾಸಿಯಾಗಿರುತ್ತಿತ್ತು.

ಆ ತಾಯಿಗೆ ಅವತ್ತು ಉತ್ತರ ಹೇಳಲಾಗಲಿಲ್ಲ. ಬಹಳ ದಿನ ಯೋಚಿಸಿದ ಮೇಲೆ ಹೊಳೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ತಾಯಿ, ನೀವು ಕೇಳಿದ್ದು ನ್ಯಾಯ. ಆದರೆ ನಿಮಗೆ ಕೊಟ್ಟದ್ದು ನೀವು ಕೇಳಿದ್ದಲ್ಲ. ಉಳ್ಳವರ ಮಕ್ಕಳಿಗೆ ಟ್ಯಾಬ್ಲೆಟ್ ಇದೆ, ನಿಜ. ಅದರ ಜೊತೆಗೆ ಗಣಿತಕ್ಕೊಬ್ಬರು, ವಿಜ್ಞಾನಕ್ಕೊಬ್ಬರು, ಇಂಗ್ಲಿಷಿಗೊಬ್ಬರು ಮೇಷ್ಟ್ರಿದ್ದಾರೆ. ಸಂಜೆಗೆ ಟ್ಯೂಷನ್ ಇದೆ, ಮನೆಯಲ್ಲಿ ಓದಿದ ತಾಯಿ ಇದ್ದಾಳೆ. ಅವರಿಗೆ ಅದು ಊಟದ ಜೊತೆಗಿನ ಉಪ್ಪಿನಕಾಯಿ. ನಿಮ್ಮ ಮಕ್ಕಳ ಎಲೆಗೆ ಬಡಿಸುತ್ತಿರುವುದು ಉಪ್ಪಿನಕಾಯಿ ಮಾತ್ರ. ನನ್ನ ಮಗನೂ ಟ್ಯಾಬ್ಲೆಟ್ಟಿನಿಂದ ಇಂಜಿನಿಯರಾದವನಲ್ಲ. ಈ ಸರಕಾರಿ ಶಾಲೆಗಳಂಥದ್ದೇ ಒಂದು ಶಾಲೆಯಲ್ಲಿ, ಕಪ್ಪು ಹಲಗೆಯ ಮುಂದೆ ನಿಂತು ಬೈದು, ತಿದ್ದಿ, ಮತ್ತೆ ಹೇಳಿಕೊಟ್ಟ ಗಣಿತದ ಮೇಷ್ಟ್ರೊಬ್ಬರಿಂದ ಆದವನು. ಇಡೀ ವಾದ ಎರಡು ಪದಗಳ ನಡುವೆ ಇದೆ: "ಜೊತೆಗೆ" ಮತ್ತು "ಬದಲಿಗೆ". ಜೊತೆಗೆ ಎಂದು ತಂದವರಿಗೆ ಕೈಮುಗಿಯುತ್ತೇನೆ. ಬದಲಿಗೆ ಎಂದು ತಂದವರು ಬಡವರ ಮಕ್ಕಳಿಗೆ ಮೋಸ ಮಾಡುತ್ತಿದ್ದಾರೆ. ಎಷ್ಟೇ ಒಳ್ಳೆಯ ಮನಸ್ಸಿನಿಂದ ಮಾಡಿದರೂ ಅದು ಮೋಸವೇ.

ಹೊಸ ಕಾಲಕ್ಕೆ ಮಕ್ಕಳು ಇದನ್ನು ಕಲಿಯಬೇಡವೇ ಎನ್ನುವವರಿದ್ದಾರೆ. ಒತ್ತುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 2024ರ ಅಸರ್ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಗ್ರಾಮಗಳಲ್ಲಿ 14ರಿಂದ 16 ವರ್ಷದ ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಜನರಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ನೂರಕ್ಕೆ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು 76. ಯಂತ್ರ ಕೈಗೆ ಬಂದಾಗಿದೆ. ಅದರಲ್ಲಿ ಬಂದದ್ದನ್ನು ಓದಿ, ಇದು ನಿಜವೋ ಸುಳ್ಳೋ ಎಂದು ತೂಗುವ ಶಕ್ತಿ ಬರಬೇಕಾದದ್ದು ಇನ್ನೂ ಇದೆ. ಅದು ಓದು ಬರಹ ಗಟ್ಟಿಯಿದ್ದವರಿಗೆ ಬರುತ್ತದೆ.

ಹಾಗಾದರೆ ಏನು ಮಾಡಬೇಕು? ನಡೆಯುತ್ತಿರುವ ಒಂಬತ್ತನ್ನು ನಾನು ಈಗಲೂ ಬಳಸುತ್ತೇನೆ. ದೃಷ್ಟಿ ಮಂದವಿರುವ ಒಬ್ಬ ಹುಡುಗನಿದ್ದಾನೆ. ಅಕ್ಷರವನ್ನು ಬೆರಳಲ್ಲಿ ಹಿಗ್ಗಿಸಿಕೊಂಡು ಅವನು ಓದುವಾಗ ಆ ಮುಖದ ಬೆಳಕನ್ನು ನೋಡಬೇಕು. ಅವನ ಪಾಲಿಗೆ ಅದು ನಿಜವಾದ ಮದ್ದು. ಹಳಗನ್ನಡದ ಪದ್ಯ ಮಾಡುವಾಗ ಗಮಕಿಗಳ ವಾಚನ ಕೇಳಿಸುತ್ತೇನೆ. ನನ್ನ ಗಂಟಲಿಗೆ ಅದು ಬಾರದು. ಯಾವಾಗ ತೆಗೆಯಬೇಕು, ಯಾವಾಗ ಮುಚ್ಚಿಡಬೇಕು ಎಂಬುದು ತರಗತಿಯಲ್ಲಿ ನಿಂತವರ ತೀರ್ಮಾನವಾಗಿರಬೇಕು. ವಾರಕ್ಕೆ ಇಷ್ಟು ಗಂಟೆ ಬಳಸಿದ ಲೆಕ್ಕ ಕಳಿಸಿ ಎಂದು ಮೇಲಿನಿಂದ ಬಂದರೆ, ಅವತ್ತಿನಿಂದ ನಾವು ಲೆಕ್ಕಕ್ಕಾಗಿ ಬಳಸುತ್ತೇವೆ. ಕೊಡುವವರು ಮೂರು ವರ್ಷದ ದುರಸ್ತಿಯ ಹಣವನ್ನೂ ಜೊತೆಗೇ ಇಡಲಿ. ಮಕ್ಕಳ ಕೈಯಿಂದ ಬಿದ್ದು ಒಡೆದದ್ದಕ್ಕೆ ಸಹಿ ಹಾಕಿದವರನ್ನು ಹೊಣೆ ಮಾಡುವುದಿಲ್ಲ ಎಂದು ಬರೆದುಕೊಡಲಿ. ಕಪಾಟಿನ ಬೀಗ ತಾನಾಗಿ ತೆರೆಯುತ್ತದೆ. ದಿನಕ್ಕೆ ಒಂದು ಪುಟವಾದರೂ ಕೈಬರಹ ತಪ್ಪದಿರಲಿ. ವರ್ಷದ ಕೊನೆಗೆ ಎಷ್ಟು ಟ್ಯಾಬ್ಲೆಟ್ ಹಂಚಿದಿರಿ ಎಂದು ಕೇಳುವ ಬದಲು, ಮೊದಲು ನೋಡಿರದ ಒಂದು ಪುಟವನ್ನು ಎಷ್ಟು ಮಕ್ಕಳು ತಡೆಯಿಲ್ಲದೆ ಓದಿದರು ಎಂದು ಕೇಳಲಿ. ಇವೆಲ್ಲಕ್ಕಿಂತ ಮೊದಲು ಖಾಲಿ ಇರುವ ಕುರ್ಚಿಯಲ್ಲಿ ಮನುಷ್ಯರನ್ನು ಕೂರಿಸಲಿ.

ಹೋದ ವರ್ಷ ನಮ್ಮ ಶಾಲೆಯಲ್ಲಿ ಮತ್ತೊಂದು ಸಮಾರಂಭ ಆಯಿತು. ಈ ಸಲ ಬಂದದ್ದು ಗೋಡೆಗೆ ಹಾಕುವ ದೊಡ್ಡ ಪರದೆ. ವಂದನಾರ್ಪಣೆ ನನ್ನ ಪಾಲಿಗೆ ಬಂತು. ಬಂದವರಿಗೆಲ್ಲ ಮನಸಾರೆ ವಂದಿಸಿ, "ಗಣಿತದ ಮೇಷ್ಟ್ರು ಬಂದ ಕೂಡಲೇ ಇದನ್ನು ಅವರ ಕೈಗೆ ಒಪ್ಪಿಸುತ್ತೇವೆ" ಎಂದು ಹೇಳಿ ಕೂತೆ. ಒಂದಿಬ್ಬರು ನಕ್ಕರು. ಚಪ್ಪಾಳೆ ಬೀಳಲಿಲ್ಲ. ಮುಖ್ಯೋಪಾಧ್ಯಾಯರು ನನ್ನ ಕಡೆ ನೋಡಲಿಲ್ಲ. ಅತಿಥಿ ಶಿಕ್ಷಕರೊಬ್ಬರು ಜುಲೈ ಕೊನೆಗೆ ಬಂದು ಮಾರ್ಚಿಗೆ ಹೋಗುತ್ತಾರೆ. ಒಳ್ಳೆಯ ಹುಡುಗ, ಆದರೆ ಬೇರೆ ಕಡೆ ಕಾಯಂ ಕೆಲಸ ಸಿಕ್ಕರೆ ಅವನನ್ನು ನಿಲ್ಲು ಎನ್ನುವ ಹಕ್ಕು ನಮಗಿಲ್ಲ.

ಈ ಜೂನ್ ತಿಂಗಳಲ್ಲಿ ನಾನು ಎಂಟನೆಯ ತರಗತಿಗೆ ಹೋದ ಮೊದಲ ದಿನವೇ ಎಲ್ಲರನ್ನೂ ಒಬ್ಬೊಬ್ಬರಾಗಿ ಎಬ್ಬಿಸಿ ಓದಿಸಿದೆ. ಅದಕ್ಕೆ ನಾಲ್ಕು ದಿನ ಹಿಡಿಯಿತು. ಹನ್ನೊಂದು ಮಕ್ಕಳ ಹೆಸರನ್ನು ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಊಟದ ಬಿಡುವಿನ ಅರ್ಧ ಗಂಟೆ ಅವರದು. ಗಣಿತದ ಹುದ್ದೆ ಈ ವರ್ಷವೂ ಖಾಲಿ ಇದೆ.